ಫರಸಿ ಹಾಸುವ ಮೊದಲು ಲೆಕ್ಕ ಹಾಕಿ



ಹೋದ ಸಂಚಿಕೆಯಲ್ಲಿ ಕಾಳು-ಬೇಳೆಗಳಿಗೆ ಹುಳು ಹತ್ತದಂತೆ ನೋಡಿಕೊಳ್ಳುವುದು ಹೇಗೆ ಅಂತ ಬರೆದಿದ್ದೆ. ಈ ಸಲ ಆ ಕಾಳಿನ ಕೋಣೆಗೆ ನೀರೇ ನುಗ್ಗದಂತೆ ನೋಡಿಕೊಳ್ಳುವ ಮಾತು. ಇದು ಗೌಂಡಿಯ ಕೆಲಸ, ನಮಗೇಕೆ ಅಂತ ಪುಟ ತಿರುವಬೇಡಿ. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡು ಸುಮ್ಮನೆ ಕೂತವಳೇ. ಅದರ ಫಲವನ್ನೂ ಉಂಡಿದ್ದೇನೆ.

ಕಲಬುರಗಿಯ ನಮ್ಮ ಮನೆಯ ಬಚ್ಚಲಿಗೆ ಹೊಸದಾಗಿ ಫರಸಿ ಹಾಕಿಸಿದಾಗ ಕೆಲಸ ನಡೆದದ್ದು ಮೂರು ದಿನ. ಆ ಮೂರು ದಿನವೂ ನಾನು ಗೌಂಡಿಗೆ ಚಹಾ ಮಾಡಿ ಕೊಟ್ಟೆನೇ ಹೊರತು, ನೀರು ಯಾವ ಕಡೆ ಹೋಗುತ್ತದೆ ಎಂದು ಒಂದು ಮಾತು ಕೇಳಲಿಲ್ಲ. ಕಲ್ಲು ನೋಡಲು ಚೆಂದವಾಗಿತ್ತು, ಸಂದು ನೇರವಾಗಿದ್ದವು. ನಾಲ್ಕನೇ ದಿನ ಮೊದಲ ಸಲ ಸ್ನಾನಕ್ಕೆ ನೀರು ಹೊಯ್ದಾಗ ಅದು ಮೋರಿಯ ಕಡೆ ಹೋಗುವುದನ್ನು ಬಿಟ್ಟು ಬಾಗಿಲ ಕಡೆ ಬಂತು. ಬಾಗಿಲ ಪಕ್ಕದ ಗೋಡೆಯ ಆಚೆಗೇ ಕಾಳಿನ ಕೋಣೆ. ವಾರ ಕಳೆಯುವುದರೊಳಗೆ ಗೋಡೆಯ ಬುಡ ತಂಪಾಯಿತು. ತಿಂಗಳು ಕಳೆಯುವುದರೊಳಗೆ, ವರ್ಷಕ್ಕೆಂದು ತುಂಬಿಟ್ಟ ತೊಗರಿ ಚೀಲದ ತಳ ಮುಗ್ಗಾಯಿತು. ಬಚ್ಚಲು ಒಡೆದು ಮತ್ತೆ ಕಟ್ಟಿಸಿದ ಖರ್ಚು ಒಂದು ಕಡೆ, ಹಾಳಾದ ತೊಗರಿ ಇನ್ನೊಂದು ಕಡೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು ಅಂತ ನಾವೆಲ್ಲ ಹೆಮ್ಮೆಪಡುತ್ತೇವೆ. ಆದರೆ ಮುಗ್ಗು ಹಿಡಿದ ಮೇಲೆ ಎಂಥ ಬೇಳೆಯಾದರೇನು, ದನ ಸಹ ಮೂಸುವುದಿಲ್ಲ.

ತಪ್ಪು ಎಷ್ಟರದ್ದು ಗೊತ್ತೇ? ಬರೀ ಒಂದು ಇಂಚಿನದು. ಆ ಒಂದು ಇಂಚನ್ನು ಮೊದಲೇ ಅಳೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಕಮಲಾಪುರದಿಂದ ಬಂದ ಫೋನು

ಕಳೆದ ಬೇಸಿಗೆಯಲ್ಲಿ ಕಮಲಾಪುರದಿಂದ ನನ್ನ ತಂಗಿಯ ಫೋನು ಬಂತು. "ಅಕ್ಕಾ, ಅತ್ತಿಯವ್ರು ಹಿತ್ತಲದಾಗ ಜಾರಿ ಬಿದ್ದಾರ. ಮುಂಗೈ ಮುರಿದದ" ಅಂದಳು. ಅವಳ ಹಿತ್ತಲು ಮಣ್ಣಿನದು. ಹಿಂದಿನ ಬಾಗಿಲಿನಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಬಟ್ಟೆ ಒಗೆದ ನೀರು ನಿಂತು ಸದಾ ರಾಡಿ. ಬೇಸಿಗೆಯಲ್ಲೇ ಹೀಗಾದರೆ ಮಳೆಗಾಲದಲ್ಲಿ ಆ ಮುದುಕಿ ಓಡಾಡುವುದು ಹೇಗೆ? ಮೃಗಶಿರಾ ಮಳೆಗೆ ಮೊದಲೇ ಫರಸಿ ಹಾಕಿಸಿಬಿಡಬೇಕು ಅಂತ ತಂಗಿ ತನ್ನ ಮಹಿಳಾ ಸಂಘದಿಂದ ಸಾಲ ಎತ್ತಿದ್ದಳು. ಆ ಸಾಲ ವಾರ ವಾರ ಕಟ್ಟಬೇಕಾದವಳು ಅವಳೇ.

ಗೌಂಡಿ ಬಂದು ನಿಂತಲ್ಲೇ ಕಣ್ಣಳತೆಯಲ್ಲಿ ಹೇಳಿದನಂತೆ: "ಎರಡ್ನೂರು ಫೂಟ್ ಫರಸಿ, ಎಂಟ್ ಚೀಲ ಸಿಮೆಂಟು, ಒಂದ್ ಬ್ರಾಸ್ ಉಸುಕು ತರಸ್ರಿ ಅಕ್ಕೋರ." ಸಂಘದ ದುಡ್ಡು ಅಷ್ಟಕ್ಕೆ ಸಾಲುತ್ತಿರಲಿಲ್ಲ. ಅಳೆದು ನೋಡೋಣ ಅಂತ ತಂಗಿ ಅಂದರೆ ಅವಳ ಮೈದುನ, "ವೈನಿ, ಹೆಣ್ಮಕ್ಕಳಿಗಿ ಇದೆಲ್ಲಾ ಯಾಕ ಬೇಕು? ಗೌಂಡಿ ಹೇಳ್ದಂಗ ತಂದ್ ಹಾಕಿದ್ರ ಆಯ್ತು" ಅಂದನಂತೆ. ಕೈಗೆ ಬಂದಿದ್ದ ಸಾಲವನ್ನು ವಾಪಸು ಕೊಟ್ಟುಬಿಡಲೇ ಅಂತ ಯೋಚಿಸುತ್ತಿದ್ದಳು.

ನಾನು ಮರುದಿನವೇ ಹುಮನಾಬಾದ್ ಕಡೆಗೆ ಹೋಗುವ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಟೇಪು, ಒಂದು ಹಗ್ಗದ ಉಂಡೆ, ಮೊಮ್ಮಗನ ಹಳೇ ಲೆಕ್ಕದ ನೋಟುಬುಕ್ಕು. ಅಲ್ಲಿ ಇಳಿದವಳು ಕಮಲಾಪುರದ ಹೆಸರಾದ ಕೆಂಪು ಬಾಳೆಹಣ್ಣು ಕೊಳ್ಳುವುದನ್ನೂ ಮರೆತು ನೇರವಾಗಿ ಹಿತ್ತಲಿಗೆ ಹೋದೆ. ಅಕ್ಕ-ತಂಗಿ ಸೇರಿ ಏನೇನು ಲೆಕ್ಕ ಮಾಡಿದೆವು ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ. ನಿಮ್ಮ ಮನೆಗೂ ಇದೇ ರೀತಿ ಮಾಡಿಕೊಳ್ಳಬಹುದು. ಐದನೇ ಇಯತ್ತೆಯ ಗುಣಾಕಾರ-ಭಾಗಾಕಾರ ಬಂದರೆ ಸಾಕು.

ಮೊದಲು ಚಿತ್ರ, ಆಮೇಲೆ ಟೇಪು

ಅಳೆಯುವ ಮೊದಲು ಕಾಗದದ ಮೇಲೆ ಜಾಗದ ಚಿತ್ರ ಬರೆದುಕೊಳ್ಳಿ. ಚೆಂದ ಬೇಡ, ನಾಲ್ಕು ಗೆರೆ ಎಳೆದರೆ ಸಾಕು. ತಂಗಿಯ ಹಿತ್ತಲು ಚೌಕವಾಗಿರಲಿಲ್ಲ. ಮನೆಯ ಗೋಡೆಗೆ ಹತ್ತಿ ಒಂದು ದೊಡ್ಡ ಅಂಗಳ. ಅದರಾಚೆ ಒಂದು ಮೂಲೆಗೆ ಬಟ್ಟೆ ಒಗೆಯುವ ಸಣ್ಣ ಜಾಗ. ಇಂಥ ಮುರುಕಲು ಜಾಗವನ್ನು ಎರಡು ಆಯತಗಳನ್ನಾಗಿ ಒಡೆದುಕೊಳ್ಳಬೇಕು. ರೊಟ್ಟಿಯನ್ನು ಮುರಿದು ತಿಂದ ಹಾಗೆ, ದೊಡ್ಡ ಲೆಕ್ಕವನ್ನೂ ಮುರಿದೇ ಮಾಡಬೇಕು.

ದೊಡ್ಡ ಅಂಗಳ: ಉದ್ದ 12 ಅಡಿ 6 ಇಂಚು, ಅಗಲ 8 ಅಡಿ 3 ಇಂಚು.
ಒಗೆಯುವ ಜಾಗ: 6 ಅಡಿ 9 ಇಂಚು, 5 ಅಡಿ 4 ಇಂಚು.

ಇಲ್ಲಿ ಬಹಳ ಜನ ತಪ್ಪುವ ಒಂದು ಜಾಗ ಇದೆ, ಗಮನವಿಟ್ಟು ಓದಿ. 12 ಅಡಿ 6 ಇಂಚನ್ನು ಫೋನಿನ ಕ್ಯಾಲ್ಕುಲೇಟರಿನಲ್ಲಿ 12.6 ಅಂತ ಒತ್ತಬಾರದು. ಅಡಿಗೆ ಹತ್ತು ಇಂಚಲ್ಲ, ಹನ್ನೆರಡು ಇಂಚು. ಆದ್ದರಿಂದ 6 ಇಂಚು ಅಂದರೆ ಅರ್ಧ ಅಡಿ, 12.5 ಅಂತ ಬರೆಯಬೇಕು. 5 ಅಡಿ 10 ಇಂಚನ್ನು 5.10 ಅಂತ ಒತ್ತಿದರಂತೂ ಯಂತ್ರ ಅದನ್ನು 5.1 ಅಂತ ತಿಳಿಯುತ್ತದೆ. ನಿಜವಾದ ಅಳತೆ 5.83. ಒಂಬತ್ತು ಇಂಚು ಅಲ್ಲೇ ಮಾಯ! ಇಂಚನ್ನು 12ರಿಂದ ಭಾಗಿಸಿದರೆ ಸರಿಯಾದ ಅಂಕಿ ಬರುತ್ತದೆ. ನೆನಪಿಗೆ ಇಷ್ಟು ಸಾಕು: 3 ಇಂಚು 0.25, 4 ಇಂಚು 0.33, 6 ಇಂಚು 0.5, 8 ಇಂಚು 0.67, 9 ಇಂಚು 0.75.

ಈಗ ಗುಣಿಸೋಣ.

ದೊಡ್ಡ ಅಂಗಳ: 12.5 × 8.25 = 103 ಚದರಡಿ.
ಒಗೆಯುವ ಜಾಗ: 6.75 × 5.33 = 36 ಚದರಡಿ.
ಒಟ್ಟು 139 ಚದರಡಿ.

ಕಲ್ಲು ಕತ್ತರಿಸುವಾಗ ಒಡೆಯುತ್ತದೆ, ಅಂಚಿಗೆ ತುಂಡು ಹೋಗುತ್ತದೆ. ಅದಕ್ಕೆ ನೂರಕ್ಕೆ ಹತ್ತು ಸೇರಿಸಿ. 139ಕ್ಕೆ 14 ಕೂಡಿಸಿದರೆ 153. ಕೈಬಿಚ್ಚಿ ಹಿಡಿದರೂ 155 ಚದರಡಿ ಸಾಕು. ಗೌಂಡಿ ಹೇಳಿದ್ದು 200!

ಹಾಗಾದರೆ ಗೌಂಡಿ ಮೋಸಗಾರನೇ? ಹಾಗೆ ಅನ್ನಬೇಡಿ. ನಾನು ಮತ್ತೆ ಚಿತ್ರ ನೋಡಿದೆ. ಆತ ಹಿತ್ತಲನ್ನು ಒಂದೇ ದೊಡ್ಡ ಆಯತ ಅಂತ ಹಿಡಿದಿದ್ದ. ಹನ್ನೆರಡೂವರೆ ಅಡಿ ಉದ್ದ, ಎರಡೂ ಅಗಲ ಸೇರಿ 13 ಅಡಿ 7 ಇಂಚು. ಗುಣಿಸಿದರೆ ಸುಮಾರು 170 ಚದರಡಿ. ಅದಕ್ಕೆ ಒಡಕು ಸೇರಿಸಿ 187. ಬಾಯಲ್ಲಿ ಹೇಳುವಾಗ "ಎರಡ್ನೂರು" ಆಯಿತು. ಆ ಮೂಲೆಯಲ್ಲಿ ಏನಿದೆ ಗೊತ್ತೇ? ಕರಿಬೇವಿನ ಗಿಡ! ಗಿಡ ನಿಂತ ಜಾಗಕ್ಕೂ ಫರಸಿ ಹಾಕುವ ಲೆಕ್ಕ ಆದದ್ದು. ಇದನ್ನು ತೋರಿಸಿದಾಗ ಆತನೇ ನಕ್ಕು, "ಖರೇ ಅದ ಅಕ್ಕೋರ, ಗಿಡ ನಾ ಬಿಟ್ಟೇ ಬಿಟ್ಟಿದ್ದೆ" ಅಂದ. ಜಗಳವಿಲ್ಲ, ಮುಖ ಮುರಿಯುವುದಿಲ್ಲ. ಕಾಗದ ಮುಂದಿಟ್ಟು ಮಾತಾಡಿದರೆ ಎಲ್ಲರಿಗೂ ಗೌರವ.

45 ಚದರಡಿ ಉಳಿತಾಯ ಅಂದರೆ ಎಷ್ಟು? ಕಲ್ಲಿನ ದರ ಜಾತಿಯ ಮೇಲೆ, ದಪ್ಪದ ಮೇಲೆ, ಊರಿನ ಮೇಲೆ ಬೇರೆ ಬೇರೆ. ಲೆಕ್ಕಕ್ಕೆಂದು ಚದರಡಿಗೆ 40 ರೂಪಾಯಿ ಹಿಡಿದರೂ 1,800 ರೂಪಾಯಿ. ಹಾಸುವ ಕೂಲಿಯೂ ಚದರಡಿ ಲೆಕ್ಕವೇ. ಆದ್ದರಿಂದ ಕೂಲಿಯನ್ನು ಹಾಸಿದ ಮೇಲೆ ಅಳೆದು ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ತಂಗಿ 139 ಚದರಡಿಗೇ ಕೂಲಿ ಕೊಟ್ಟಳು.

ಕಲ್ಲು ಎಣಿಸುವಾಗ

ನಮ್ಮ ಕಡೆ ಹಿತ್ತಲಿಗೆ ಹಾಕುವುದು ಶಹಾಬಾದ್ ಕಲ್ಲು. ನಮ್ಮದೇ ಜಿಲ್ಲೆಯ ನೆಲದಲ್ಲಿ ಪದರು ಪದರಾಗಿ ಸಿಗುವ ಸುಣ್ಣದ ಕಲ್ಲು ಇದು. ಕಾಲಿಗೆ ತಂಪು, ಬೆಲೆಯೂ ಕೈಗೆಟುಕುವಂಥದ್ದು. ಒದ್ದೆಯಾದಾಗ ಜಾರಬಾರದು ಅಂದರೆ ಹಿತ್ತಲಿಗೆ, ಬಚ್ಚಲಿಗೆ ಪಾಲಿಶ್ ಮಾಡದ ಒರಟು ಕಲ್ಲನ್ನೇ ತನ್ನಿ. ಮುದುಕರಿರುವ ಮನೆಗೆ ಇದು ಮುಖ್ಯ. ಒಂದು ಎಚ್ಚರಿಕೆ: ಹುಳಿ, ನಿಂಬೆರಸ, ಆ್ಯಸಿಡ್ ಬಿದ್ದರೆ ಈ ಕಲ್ಲಿಗೆ ಕಲೆ ಹತ್ತುತ್ತದೆ. ಬಚ್ಚಲು ತೊಳೆಯಲು ಆ್ಯಸಿಡ್ ಸುರಿಯಬೇಡಿ.

ಎರಡು ಅಡಿಗೆ ಎರಡು ಅಡಿಯ ಕಲ್ಲು ಅಂದರೆ 4 ಚದರಡಿ. 155ನ್ನು 4ರಿಂದ ಭಾಗಿಸಿದರೆ 39 ಕಲ್ಲು. ಆದರೆ ಅಂಗಡಿಯಲ್ಲಿ "ಎರಡಕ್ಕೆರಡು" ಅಂತ ಕರೆಯುವ ಕಲ್ಲನ್ನು ಟೇಪು ಹಿಡಿದು ನೋಡಿ. ಕೆಲವು 22 ಇಂಚೇ ಇರುತ್ತವೆ. 22ಕ್ಕೆ 22 ಗುಣಿಸಿ 144ರಿಂದ ಭಾಗಿಸಿದರೆ 3.36 ಚದರಡಿ ಮಾತ್ರ. ಅಂಥ 39 ಕಲ್ಲು ತಂದರೆ 131 ಚದರಡಿಯಾಗುತ್ತದೆ. ಒಡಕು ಹಾಗಿರಲಿ, ಅಂಗಳವೇ ತುಂಬುವುದಿಲ್ಲ. ಕಲ್ಲಿನ ಲೆಕ್ಕದಲ್ಲಿ ಕೊಳ್ಳುವುದಕ್ಕಿಂತ ಅಳೆದ ಚದರಡಿ ಲೆಕ್ಕದಲ್ಲಿ ಕೊಳ್ಳುವುದೇ ಕ್ಷೇಮ.

ಬ್ರಾಸ್ ಎಂಬ ಮಾತಿನ ಬಗ್ಗೆಯೂ ತಿಳಿದಿರಲಿ. ಕಲ್ಲಿಗೆ ಬ್ರಾಸ್ ಅಂದರೆ 100 ಚದರಡಿ. ಉಸುಕಿಗೆ ಬ್ರಾಸ್ ಅಂದರೆ 100 ಘನ ಅಡಿ. ಹೆಸರು ಒಂದೇ, ಅಳತೆ ಬೇರೆ. ಉಸುಕು ಬಂದಾಗ ಟ್ರಾಲಿಯ ಒಳಗಿನ ಉದ್ದ, ಅಗಲ, ಉಸುಕಿನ ಎತ್ತರ ಮೂರನ್ನೂ ಗುಣಿಸಿ ನೋಡಿ. 10 ಅಡಿ ಉದ್ದ, 6 ಅಡಿ ಅಗಲದ ಟ್ರಾಲಿಯಲ್ಲಿ ಉಸುಕು ಒಂದೂವರೆ ಅಡಿ ಇದ್ದರೆ 90 ಘನ ಅಡಿ. ಬ್ರಾಸಿಗೆ ಹತ್ತು ಕಡಿಮೆ. ನಡುವೆ ಗುಡ್ಡೆ, ಅಂಚಿಗೆ ತಗ್ಗು ಇದ್ದರೆ ಮೊದಲು ಸಮ ಮಾಡಿಸಿ, ಆಮೇಲೆ ಎತ್ತರ ಅಳೆಯಿರಿ. ಅಕ್ಕಿ ಅಳೆಯುವಾಗ ಸೇರನ್ನು ಕೈಯಿಂದ ಸವರುವುದಿಲ್ಲವೇ, ಹಾಗೆ.

ಮೂಲೆ ಮೂಲೆಯಾಗಿದೆಯೇ?

ಕಲ್ಲು ಹಾಸುವ ಮೊದಲು ಮೂಲೆ ನೋಡಬೇಕು. ಮೂಲೆ ನೇರವಿಲ್ಲದಿದ್ದರೆ ಮೊದಲ ಸಾಲು ಚೆಂದ ಕಂಡರೂ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಲ್ಲು ಸೊಟ್ಟಗಾಗುತ್ತದೆ. ಗೌಂಡಿಯ ಹತ್ತಿರ ಗುಣ್ಯಾ ಇರುತ್ತದೆ. ಆದರೆ ಅದು ಚಿಕ್ಕದು. ದೊಡ್ಡ ಅಂಗಳಕ್ಕೆ ಹಗ್ಗವೇ ಒಳ್ಳೆಯದು.

ಮೂಲೆಯಿಂದ ಒಂದು ಗೋಡೆಯ ಗುಂಟ 3 ಅಡಿಗೆ ಗುರುತು ಹಾಕಿ. ಇನ್ನೊಂದು ಗೋಡೆಯ ಗುಂಟ 4 ಅಡಿಗೆ ಗುರುತು ಹಾಕಿ. ಎರಡು ಗುರುತುಗಳ ನಡುವೆ ಓರೆಯಾಗಿ ಅಳೆಯಿರಿ. ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. ಹೆಚ್ಚು ಬಂದರೆ ಮೂಲೆ ಅಗಲವಾಗಿ ತೆರೆದಿದೆ, ಕಡಿಮೆ ಬಂದರೆ ಮುದುರಿದೆ. ಜಾಗ ದೊಡ್ಡದಿದ್ದರೆ ಇದನ್ನೇ ದುಪ್ಪಟ್ಟು ಮಾಡಿ: 6, 8, 10. ಎಷ್ಟು ದೊಡ್ಡದಾಗಿ ಅಳೆಯುತ್ತೀರೋ ಅಷ್ಟು ತಪ್ಪು ಕಡಿಮೆ. ಆಯತದ ಎದುರುಬದುರು ಮೂಲೆಗಳ ಓರೆ ಅಳತೆಗಳು ಎರಡೂ ಸಮ ಬಂದರೂ ಸರಿಯೇ.

ತಂಗಿಯ ಅಂಗಳದಲ್ಲಿ ಎರಡು ಓರೆಗಳಿಗೆ ಮೂರು ಇಂಚು ವ್ಯತ್ಯಾಸ ಬಂತು. ಹಳೆಯ ಮನೆ, ಗೋಡೆಯೇ ಸೊಟ್ಟ. ಗೋಡೆ ಕೆಡವಲಾಗುವುದಿಲ್ಲ. ಆದರೆ ಮೊದಲೇ ಗೊತ್ತಾದ್ದರಿಂದ ಬಾಗಿಲ ಎದುರು ಇಡೀ ಕಲ್ಲುಗಳನ್ನು ಹಾಕಿಸಿ, ಓರೆ ಕತ್ತರಿಸಿದ ತುಂಡುಗಳನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಗೋಡೆಯ ಬದಿಗೆ ಹಾಕಿಸಿದೆವು. ಈಗ ಹುಡುಕಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ನಮ್ಮ ನೆಲಕ್ಕೆ ಹೊಸ ವಿದ್ಯೆಯಲ್ಲ, ಸೋದರಿಯರೇ. ನಮ್ಮ ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯ ಮಳಖೇಡವೇ ಅಂದಿನ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಹೊಲ-ಜಾಗಗಳ ಕ್ಷೇತ್ರಫಲ ಇದೆ, ಗುಂಡಿ ತೋಡುವ ಲೆಕ್ಕ ಇದೆ, ಇಟ್ಟಂಗಿ ರಾಶಿಯ ಲೆಕ್ಕವೂ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಅಂತ ಪಟ್ಟಿ ಕೊಡುವಾಗ ಆತ ಮನೆ ಕಟ್ಟುವ ವಿದ್ಯೆಯನ್ನೂ ಅಡಿಗೆಯ ವಿದ್ಯೆಯನ್ನೂ ಎರಡನ್ನೂ ಹೆಸರಿಸಿದ್ದಾನೆ! ಅಡಿಗೆಮನೆಯ ಲೆಕ್ಕವೇ ಗೌಂಡಿಯ ಲೆಕ್ಕ ಎಂಬುದನ್ನು ಸಾವಿರ ವರ್ಷಕ್ಕೂ ಹಿಂದೆ ಬಲ್ಲವರಿದ್ದರು.

ಇನ್ನು ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಯನ್ನು ನೀವು ನೋಡಿರಬಹುದು. ಬಯಲು ಅಂಗಳವೇ ಇಲ್ಲದಂತೆ ಪೂರ್ತಿ ಚಾವಣಿ ಮುಚ್ಚಿದ ಕಟ್ಟಡ. ಅದರ ಅಳತೆ 216 ಅಡಿಗೆ 176 ಅಡಿ. ಗುಣಿಸಿ ನೋಡಿ, 38,016 ಚದರಡಿ. ಅಷ್ಟು ದೊಡ್ಡದಕ್ಕೂ ನಮ್ಮ ಹಿತ್ತಲಿಗೂ ಲೆಕ್ಕ ಒಂದೇ: ಉದ್ದ ಗುಣಿಸು ಅಗಲ.

ನೀರಿನ ಇಳಿಜಾರು

ಈಗ ನನ್ನ ತೊಗರಿ ಹಾಳು ಮಾಡಿದ ಆ ಇಂಚಿನ ವಿಷಯ. ನೀರು ಹರಿಯುವ ಕಡೆಗೆ ಒಂದು ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಡಿ. ಅಂದರೆ ನಾಲ್ಕು ಅಡಿಗೆ ಒಂದು ಇಂಚು. ಇದಕ್ಕಿಂತ ಬಹಳ ಕಡಿಮೆಯಾದರೆ ನೀರು ನಿಲ್ಲುತ್ತದೆ. ಬಹಳ ಹೆಚ್ಚಾದರೆ ಕಾಲು ಜಾರುತ್ತದೆ.

ತಂಗಿಯ ಹಿತ್ತಲಲ್ಲಿ ಬಾಗಿಲಿನಿಂದ ಗಟಾರದ ಬಾಯಿಗೆ 13 ಅಡಿ 7 ಇಂಚು. ನಾಲ್ಕರಿಂದ ಭಾಗಿಸಿದರೆ ಸುಮಾರು ಮೂರೂವರೆ ಇಂಚು. ಬಾಗಿಲ ಬಳಿಗಿಂತ ಗಟಾರದ ಬಳಿ ಕಲ್ಲಿನ ಮೈ ಮೂರೂವರೆ ಇಂಚು ಕೆಳಗಿರಬೇಕು.

ಈಗಿರುವ ನೆಲ ಹೇಗಿದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೆ ನೀರೇ ಸಾಕ್ಷಿ ಹೇಳಬೇಕು. ಹದಿನೈದು-ಹದಿನಾರು ಅಡಿ ಉದ್ದದ, ಒಳಗೆ ಕಾಣುವಂಥ ಸಣ್ಣ ಪ್ಲಾಸ್ಟಿಕ್ ಪೈಪು ತನ್ನಿ. ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ. ಒಬ್ಬರು ಒಂದು ತುದಿಯನ್ನು ಬಾಗಿಲ ಬಳಿ, ಇನ್ನೊಬ್ಬರು ಇನ್ನೊಂದು ತುದಿಯನ್ನು ಗಟಾರದ ಬಳಿ ಎತ್ತಿ ಹಿಡಿಯಿರಿ. ಎರಡೂ ತುದಿಯಲ್ಲಿ ನೀರು ಅಲುಗಾಡದೆ ನಿಂತಾಗ ಅದರ ಮಟ್ಟ ಒಂದೇ. ಈಗ ನೀರಿನ ಮೈಯಿಂದ ನೆಲಕ್ಕೆ ಎರಡೂ ಕಡೆ ಅಳೆಯಿರಿ.

ಬಾಗಿಲ ಬಳಿ 36 ಇಂಚು ಬಂತು. ಗಟಾರದ ಬಳಿ ತಂಗಿ ಅಳೆದಳು. 35 ಇಂಚು! ಅಂದರೆ ಗಟಾರದ ಕಡೆಯ ನೆಲವೇ ಒಂದು ಇಂಚು ಎತ್ತರ. ನೀರು ಮನೆಯ ಕಡೆಗೇ ವಾಲಿತ್ತು. ರಾಡಿ ನಿಲ್ಲುತ್ತಿದ್ದದ್ದೂ, ಅತ್ತೆಯವರು ಬಿದ್ದದ್ದೂ ಯಾಕೆ ಅಂತ ಆಗ ತಿಳಿಯಿತು. ಅದೇ ನೆಲದ ಮೇಲೆ ಹಾಗೇ ಕಲ್ಲು ಹಾಸಿದ್ದರೆ ಮೊದಲ ದೊಡ್ಡ ಮಳೆಗೇ ನೀರು ಹೊಸ್ತಿಲ ಬಳಿ ಬಂದು ನಿಲ್ಲುತ್ತಿತ್ತು. ಸಂಘದ ಸಾಲ ತೀರುವ ಮೊದಲೇ ಫರಸಿ ಕೀಳಬೇಕಾಗುತ್ತಿತ್ತು.

ಇರುವ ಒಂದು ಇಂಚು, ಬೇಕಾದ ಮೂರೂವರೆ ಇಂಚು, ಸೇರಿ ನಾಲ್ಕೂವರೆ. ಬಾಗಿಲ ಬಳಿ ಅಗೆಯುವುದಕ್ಕಿಂತ ಗಟಾರದ ಬಳಿ ನಾಲ್ಕೂವರೆ ಇಂಚು ಹೆಚ್ಚು ಅಗೆಯಬೇಕು ಅಂತ ಗೌಂಡಿಗೆ ಹೇಳಿದೆವು. ಗಟಾರದ ತಳ ಅದಕ್ಕಿಂತಲೂ ಕೆಳಗಿದೆಯೇ ಅಂತ ಮೊದಲೇ ನೋಡಿಕೊಂಡೆವು, ಇತ್ತು. ಆಮೇಲೆ ಎರಡೂ ಕಡೆ ಗೂಟ ಬಡಿದು, ಕಲ್ಲಿನ ಮೈ ಎಲ್ಲಿ ಬರಬೇಕೋ ಅಲ್ಲಿಗೆ ದಾರ ಕಟ್ಟಿಸಿದೆವು. ಆ ದಾರ ನೋಡಿ ನಿಂತ ಗೌಂಡಿ ತನ್ನ ಹುಡುಗನಿಗೆ, "ಈ ದಾರದ ಗುಂಟ ಹಾಕ್ಕೋತ ಹೋಗು, ಅಕ್ಕೋರು ಲೆಕ್ಕಾ ಮಾಡ್ಯಾರ" ಅಂದ. ಮೈದುನ ಅಲ್ಲೇ ಇದ್ದ, ಮಾತಾಡಲಿಲ್ಲ. ಮರುದಿನ ತಾನೇ ಪೈಪಿನ ಇನ್ನೊಂದು ತುದಿ ಹಿಡಿದ.

ಸಿಮೆಂಟು-ಉಸುಕಿನ ಹದ

ಇಡ್ಲಿ ಹಿಟ್ಟಿಗೆ ಒಂದು ಪಾಲು ಉದ್ದಿಗೆ ಮೂರು ಪಾಲು ರವೆ ಅನ್ನುತ್ತೇವಲ್ಲ, ಕಲ್ಲಿನ ಕೆಳಗಿನ ಗಾರೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು. ಪಾಲು ಅಳೆಯಲು ಬುಟ್ಟಿ ನಂಬಬೇಡಿ. ಒಂದು ಬುಟ್ಟಿ ಗುಡ್ಡೆ, ಇನ್ನೊಂದು ಬುಟ್ಟಿ ಖಾಲಿ ಆಗುತ್ತದೆ. ಹಳೇ ಹಲಗೆಯಿಂದ ಒಳ ಅಳತೆ 15 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರದ ಪೆಟ್ಟಿಗೆ ಮಾಡಿಸಿ. ಅದರಲ್ಲಿ ಹಿಡಿಯುವುದು ಒಂದೂಕಾಲು ಘನ ಅಡಿ, ಅಂದರೆ ಹೆಚ್ಚುಕಡಿಮೆ 50 ಕಿಲೋ ಸಿಮೆಂಟಿನ ಒಂದು ಚೀಲ. ಒಂದು ಚೀಲಕ್ಕೆ ಆರು ಪೆಟ್ಟಿಗೆ ಉಸುಕು. ಮರೆಯುವ ಪ್ರಶ್ನೆಯೇ ಇಲ್ಲ.

ಎಷ್ಟು ಬೇಕು? ಗಾರೆ ಎರಡು ಇಂಚು ದಪ್ಪ. 139 ಚದರಡಿಯನ್ನು 2ರಿಂದ ಗುಣಿಸಿ 12ರಿಂದ ಭಾಗಿಸಿದರೆ 23 ಘನ ಅಡಿ. ಒಣ ಸಿಮೆಂಟು-ಉಸುಕಿಗೆ ನೀರು ಹಾಕಿದರೆ ಅದು ಕುಗ್ಗುತ್ತದೆ. ಆದ್ದರಿಂದ ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚಿಗೆ ಹಿಡಿದು 30 ಘನ ಅಡಿ ಒಣ ಸಾಮಾನು ಅನ್ನಿ. ಏಳು ಪಾಲು ಮಾಡಿದರೆ ಒಂದು ಪಾಲು ಸಿಮೆಂಟು ನಾಲ್ಕೂಕಾಲು ಘನ ಅಡಿ, ಅಂದರೆ ಸುಮಾರು ಮೂರೂವರೆ ಚೀಲ. ಸಂದು ತುಂಬಲು ಸೇರಿಸಿ ನಾಲ್ಕು ಚೀಲ. ಉಸುಕು 26 ಘನ ಅಡಿ, ಕಾಲು ಬ್ರಾಸಿಗೆ ತುಸು ಹೆಚ್ಚು. ಎಂಟು ಚೀಲ, ಒಂದು ಬ್ರಾಸ್ ಎಲ್ಲಿ, ಇದೆಲ್ಲಿ? ಸಿಮೆಂಟು ಉಳಿದರೆ ಅಂಗಡಿಯವರು ವಾಪಸು ಪಡೆಯುವುದು ಕಷ್ಟ, ಮಳೆಗಾಲದ ತಂಪಿಗೆ ಚೀಲದಲ್ಲೇ ಗಟ್ಟಿಯಾಗುತ್ತದೆ. ಕಡಿಮೆ ಬಿದ್ದರೆ ಒಂದು ಚೀಲ ತರುವುದು ಸುಲಭ.

ಉಳಿದ ಹಣದಲ್ಲಿ ಟಾಕಿ

ಹೀಗೆ ಉಳಿದ ಹಣದಲ್ಲಿ ಒಗೆಯುವ ಜಾಗದ ಪಕ್ಕ ಒಂದು ನೀರಿನ ಟಾಕಿ ಕಟ್ಟಿಸೋಣ ಅಂದಳು ತಂಗಿ. 4 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಎತ್ತರ. ಗುಣಿಸಿದರೆ 30 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರು ನೀರು. ಅಂದರೆ 850 ಲೀಟರು ಅಂತ ಅವಳು ಖುಷಿಪಟ್ಟಳು.

ಆದರೆ 4 ಮತ್ತು 3 ಹೊರಗಿನ ಅಳತೆ! ಗೋಡೆ ನಾಲ್ಕೂವರೆ ಇಂಚಿನದು, ಎರಡೂ ಬದಿ ಸೇರಿ 9 ಇಂಚು ಹೋಯಿತು. ಒಳಗೆ ಉಳಿದದ್ದು 3 ಅಡಿ 3 ಇಂಚು, 2 ಅಡಿ 3 ಇಂಚು. 3.25 × 2.25 × 2.5 ಗುಣಿಸಿದರೆ 18 ಘನ ಅಡಿ ಚಿಲ್ಲರೆ, ಸುಮಾರು 517 ಲೀಟರು. ಗೋಡೆಯೇ 330 ಲೀಟರಿನಷ್ಟು ಜಾಗ ನುಂಗಿತು. ಪಾತ್ರೆ ಕೊಳ್ಳುವಾಗ ಒಳಗೆ ಎಷ್ಟು ಹಿಡಿಯುತ್ತದೆ ಅಂತ ನೋಡುತ್ತೇವಲ್ಲ, ಟಾಕಿಗೂ ಅದೇ ಮಾತು. ತಂಗಿ ತನ್ನ 15 ಲೀಟರಿನ ಕೊಡದಿಂದ ಭಾಗಿಸಿ ನೋಡಿದಳು. "34 ಕೊಡ ಆಗ್ತದ ಅಕ್ಕಾ. ನಮಗ ಸಾಕು. ದೊಡ್ಡದ್ ಮಾಡಿದ್ರ ಬಟ್ಟಿ ಒಗೀಲಕ್ಕ ಜಾಗಾ ಇರಲ್ಲ" ಅಂದಳು. ಈ ತೀರ್ಮಾನ ಅವಳೇ ಮಾಡಿದ್ದು, ತಿಳಿದು ಮಾಡಿದ್ದು. ಟಾಕಿಗೆ ಮುಚ್ಚಳ ಮರೆಯಬೇಡಿ. ಸೊಳ್ಳೆಗೂ ತಡೆ, ಸಣ್ಣ ಮಕ್ಕಳಿಗೂ ರಕ್ಷಣೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅಂಗಳ, ಬಚ್ಚಲು, ಕಟ್ಟೆ, ಕಪಾಟುಗಳಿಗೆ ಈ ಲೆಕ್ಕ ಧಾರಾಳ ಸಾಕು. ಕಂಬ, ತೊಲೆ, ಮಾಳಿಗೆ, ಭಾರ ಹೊರುವ ಗೋಡೆ ಇವುಗಳ ತಂಟೆಗೆ ನಾವು ಹೋಗಬಾರದು. ಅದಕ್ಕೆ ಓದಿದ ಇಂಜಿನಿಯರನ್ನೇ ಕೇಳಬೇಕು. ಎಲ್ಲಿ ನಮ್ಮ ಲೆಕ್ಕ ಮುಗಿಯುತ್ತದೆ ಎಂದು ತಿಳಿದಿರುವುದೂ ಲೆಕ್ಕವೇ.

ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಸಂಜೆ ತಂಗಿ ಫೋನು ಮಾಡಿದಳು. ಅತ್ತೆಯವರು ಹಿಂದಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ನೀರು ನೋಡುತ್ತಿದ್ದರಂತೆ. ಕೈ ಕೂಡಿತ್ತು. ನೀರು ಕಲ್ಲಿನ ಮೇಲೆ ನಿಲ್ಲದೆ ಸೀದಾ ಗಟಾರಕ್ಕೆ ಹೋಗುತ್ತಿತ್ತು. ಅವರು ಸೊಸೆಯನ್ನು ಕರೆದು, "ಯವ್ವಾ, ನೀರು ನಿನ್ನ ಮಾತ್ ಕೇಳ್ಯಾದ ನೋಡು" ಅಂದರಂತೆ. ಸಂಘದ ಹೆಂಗಸರಲ್ಲಿ ಇಬ್ಬರು ಆ ನೋಟುಬುಕ್ಕನ್ನು ಕೇಳಿಕೊಂಡು ಹೋಗಿದ್ದಾರೆ.

ಕತ್ತರಿಸಿ ಇಟ್ಟುಕೊಳ್ಳಿ

• ಇಂಚನ್ನು 12ರಿಂದ ಭಾಗಿಸಿ, ಆಮೇಲೆ ಗುಣಿಸಿ.
• ಮುರುಕಲು ಜಾಗವನ್ನು ಆಯತಗಳಾಗಿ ಒಡೆದು ಅಳೆಯಿರಿ. ಒಡಕಿಗೆ ನೂರಕ್ಕೆ ಹತ್ತು ಸೇರಿಸಿ.
• ಮೂಲೆಗೆ 3, 4, 5. ದೊಡ್ಡ ಜಾಗಕ್ಕೆ 6, 8, 10.
• ನೀರಿಗೆ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು.
• ಟಾಕಿಗೆ ಒಳ ಅಳತೆ. ಘನ ಅಡಿಗೆ 28.3 ಲೀಟರು.
• ಕೂಲಿ ಅಳೆದ ಮೇಲೆ. ಎಲ್ಲವೂ ಕಾಗದದ ಮೇಲೆ.

ಮುಂದಿನ ಸಂಚಿಕೆಯಲ್ಲಿ ಅಡಿಗೆ ಕಟ್ಟೆಯ ಎತ್ತರದ ವಿಚಾರ. ರೊಟ್ಟಿ ಬಡಿಯುವಾಗ ನಡ ನೋಯುವವರು ಅಷ್ಟರೊಳಗೆ ಒಂದು ಕೆಲಸ ಮಾಡಿ: ನೇರ ನಿಂತು, ಮೊಣಕೈ ಮಡಚಿ, ನೆಲದಿಂದ ಮೊಣಕೈಗೆ ಎಷ್ಟು ಇಂಚು ಅಂತ ಅಳೆದು ಬರೆದಿಟ್ಟುಕೊಳ್ಳಿ. ಟೇಪು ಹೇಗೂ ಕೈಯಲ್ಲಿದೆಯಲ್ಲ!